ಸ್ವಾಮಿಗಳನ್ನು ಅಳೆದ ದಾರ

ಪೂಜ್ಯ ಇನ್ನಾಸಪ್ಪ ಸ್ವಾಮಿಗಳು ಕೆಂಚನಪಾಳ್ಯದ ಆರೋಗ್ಯಮಾತೆಯ ದೇವಾಲಯಕ್ಕೆ ಗುರುಗಳಾಗಿ ಬಂದು ಆಗ ಹದಿನಾಲ್ಕು ವರ್ಷ. ಗುರುಮನೆ ಅಂದರೆ ಎರಡು ಕೋಣೆ, ಹಿಂದುಗಡೆ ಹೆಂಚು ಹೊದಿಸಿದ ಒಂದು ಜಗಲಿ. ಸ್ವಾಮಿಗಳಿಗೆ ಇದ್ದದ್ದು ಎರಡು ನಿಲುವಂಗಿ. ಒಂದರ ತೋಳು ಹರಿದಾಗ ಇನ್ನೊಂದರ ಅಂಚು ಕತ್ತರಿಸಿ ತೇಪೆ ಹಾಕಿಕೊಂಡಿದ್ದರು. ಅಡಿಗೆಗೆ ಯಾರನ್ನೂ ಇಟ್ಟುಕೊಂಡಿರಲಿಲ್ಲ. ತಮ್ಮ ಅಕ್ಕಿ ತಾವೇ ಆರಿಸಿ ತಾವೇ ಬೇಯಿಸಿ, ಅನ್ನ ಸೀದ ದಿನ ಸೀದದ್ದನ್ನೇ ಉಣ್ಣುತ್ತಿದ್ದರು. ನಸ್ಯ ಒಂದನ್ನು ಬಿಟ್ಟರೆ ಅವರಿಗೆ ಚಟವಿರಲಿಲ್ಲ.

ಇಂಥವರ ಕೈಕೆಳಗೇ ಊರಿನ ದುಡ್ಡು ದಾರಿ ತಪ್ಪಿತು. ಈ ಮಾತನ್ನು ಮುಚ್ಚಿಟ್ಟು ಸ್ವಾಮಿಗಳ ಮಹಿಮೆ ಹಾಡಿದರೆ ಅದು ಸ್ವಾಮಿಗಳಿಗೇ ಮಾಡುವ ಅವಮಾನ. ಅವರ ಮಹಿಮೆ ಇರುವುದೇ ಆ ಜಾಗದಲ್ಲಿ.

ಒಂದು ಗುರುವಾರ ಬೆಳಿಗ್ಗೆ ಸ್ವಾಮಿಗಳು ಹಿಂದಿನ ಜಗಲಿಯಲ್ಲಿ ಮೊರ ಹಿಡಿದು ಕೂತಿದ್ದಾಗ ಚೌರಮ್ಮ ಬಂದಳು. ಅವಳು ರೇಷ್ಮೆ ಬಿಚ್ಚುವ ಹೆಂಗಸು. ಕುದಿಯುವ ನೀರಿನಿಂದ ಗೂಡು ಎತ್ತಿ ಎತ್ತಿ ಅವಳ ಬೆರಳ ತುದಿಗಳು ಬೆಂದು ಬೆಳ್ಳಗಾಗಿದ್ದವು. ಆ ಊರಿನ ಕ್ರೈಸ್ತರು ಗುರುಗಳನ್ನು ಕಂಡ ಕೂಡಲೇ ಕೈಮುಗಿದು "ಸ್ತೋತ್ರ ಸ್ವಾಮಿ" ಅನ್ನುವುದು ವಾಡಿಕೆ. ಅವತ್ತು ಚೌರಮ್ಮ ಕೈಮುಗಿಯಲಿಲ್ಲ. ಸೆರಗಿನ ಗಂಟು ಬಿಚ್ಚಿ ಗೇಣುದ್ದದ ಒಂದು ಮೇಣದ ಬತ್ತಿಯನ್ನು ಮೊರದೊಳಗಿನ ಅಕ್ಕಿಯ ಮೇಲೆ ಇಟ್ಟಳು.

"ಇದ್ನ ಹಚ್ಚಿ ಒಸಿ ಮೂಸ್ನೋಡಿ ಸ್ವಾಮಿ."

ಅವಳ ಸಿಟ್ಟಿನ ಬೇರು ಆ ಊರಿನ ಒಂದು ಹರಕೆಯಲ್ಲಿತ್ತು. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಅವರನ್ನು ಚಾಪೆಯ ಮೇಲೆ ಮಲಗಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ದಾರ ಹಿಡಿದು ಅಳೆಯುತ್ತಿದ್ದರು. ಒಂದೇ ಅಳತೆಗೆ ಎರಡು ದಾರ. ಒಂದನ್ನು ಮನೆಯ ತೊಲೆಗೆ ಕಟ್ಟಿಡುವುದು. ಇನ್ನೊಂದನ್ನು ಕರಗಿದ ಮೇಣದಲ್ಲಿ ಅದ್ದಿ ಅದ್ದಿ, ಹುರಿಯಷ್ಟು ದಪ್ಪದ ಉದ್ದನೆಯ ಬತ್ತಿ ಮಾಡುವುದು. ಅಷ್ಟುದ್ದದ ಬತ್ತಿ ನಿಲ್ಲುವುದಿಲ್ಲವಲ್ಲ, ಅದಕ್ಕೇ ಸುರುಳಿ ಸುತ್ತಿ ತಟ್ಟೆಯಲ್ಲಿಟ್ಟು, ತುದಿಯನ್ನು ಮೇಲೆತ್ತಿ ಹಚ್ಚಿ, ಉರಿದಂತೆಲ್ಲ ಸುರುಳಿ ಬಿಚ್ಚುತ್ತ ಹೋಗಬೇಕು. ನೆತ್ತಿಯಿಂದ ಹಿಮ್ಮಡಿಯವರೆಗೆ ಪೂರ್ತಿ ಉರಿದರೆ ಹರಕೆ ಸಂದಿತು. ಗಟ್ಟಿಮುಟ್ಟಾಗಿ ಇರುವವರನ್ನು ಮಾತ್ರ ಯಾರೂ ದಾರ ಹಿಡಿದು ಅಳೆಯುತ್ತಿರಲಿಲ್ಲ. ಹಾಗೆ ಅಳೆಯುವುದು ಶವದ ಪೆಟ್ಟಿಗೆಗೆ ಅಂತ ಹೆದರಿಕೆ.

ಚೌರಮ್ಮನ ಮಗಳು ರೋಜಾಲಿಗೆ ಆಗ ಹನ್ನೊಂದು ವರ್ಷ. ಕೀಲುಗಳು ಊದುವ ಜ್ವರ ಬಂದು ಅದು ಎದೆಗೂ ಇಳಿದಿತ್ತು. ತಾಲ್ಲೂಕು ಆಸ್ಪತ್ರೆಯ ವೈದ್ಯರು ಇಪ್ಪತ್ತೊಂದು ದಿನಕ್ಕೊಂದು ಸೂಜಿ ಹಾಕಿಸಬೇಕು, ಒಂದನ್ನೂ ತಪ್ಪಿಸಬಾರದು ಅಂದಿದ್ದರು. ಚೌರಮ್ಮ ಸೂಜಿಯನ್ನೂ ನಂಬಿದಳು, ಮಾತೆಯನ್ನೂ ನಂಬಿದಳು. ಮೂರು ವರ್ಷ, ವರ್ಷಕ್ಕೊಂದು ಸಲ ಮಗಳನ್ನು ಅಳೆದು ಬತ್ತಿ ಕೊಟ್ಟಳು. ಮಗಳು ಬೆಳೆದಷ್ಟು ಬತ್ತಿಯೂ ಬೆಳೆಯಿತು. ಹತ್ತಿಯ ದಾರದ ಜೊತೆಗೆ ತನ್ನ ಕೈಯಾರೆ ಬಿಚ್ಚಿದ ಹಳದಿ ರೇಷ್ಮೆಯ ಒಂದು ಎಳೆಯನ್ನೂ ಸೇರಿಸಿ ಹೊಸೆಯುತ್ತಿದ್ದಳು. ಊರಿನಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಬತ್ತಿ ಕೊಟ್ಟು ಅರ್ಧ ಗಂಟೆ ಪ್ರಾರ್ಥಿಸಿ ಕೆಲಸಕ್ಕೆ ಓಡಬೇಕಿತ್ತು. ಮಿಕ್ಕದ್ದನ್ನು ದೇವಾಲಯದವರು ಉರಿಸುತ್ತಾರೆ ಅಂತ ನಂಬಿಕೆ.

ಆ ವರ್ಷ ಗೂಡಿನ ಬೆಲೆ ಏರಿ ರೇಷ್ಮೆ ಷೆಡ್ಡುಗಳಲ್ಲಿ ಎಷ್ಟೋ ಒಲೆಗಳು ಆರಿದವು, ಕೂಲಿ ಕಡಿಮೆಯಾಯಿತು. ಎರಡು ಸೂಜಿಗೆ ದುಡ್ಡು ಹೊಂದಲಿಲ್ಲ. ಬಡವರ ಕಾಯಿಲೆಗೆ ಅಂತಲೇ ದೇವಾಲಯದಲ್ಲಿ ಒಂದು ಔಷಧಿ ಪೆಟ್ಟಿಗೆ ಇತ್ತು. ದೇವಾಲಯದ ಬಾಗಿಲ ಬಳಿಯ ಮೇಣದ ಅಂಗಡಿಯ ಲಾಭವೆಲ್ಲ ಆ ಪೆಟ್ಟಿಗೆಗೆ ಅನ್ನುವುದು ಹಿಂದಿನಿಂದ ಬಂದ ಕಟ್ಟಳೆ. ಚೌರಮ್ಮ ವೈದ್ಯರ ಚೀಟಿ ಹಿಡಿದು ಹೋಗಿ ಕೇಳಿದಳು. ಲೆಕ್ಕ ನೋಡುತ್ತಿದ್ದವನು ಸಂತಿಯಾಗಪ್ಪ. ಅವಳು ಕೆಲಸಕ್ಕಿದ್ದ ರೇಷ್ಮೆ ಷೆಡ್ಡಿನ ಯಜಮಾನನೂ ಅವನೇ. "ಪೆಟ್ಟಿಗೇಲಿ ಏನೂ ಇಲ್ಲ ಕಣವ್ವ, ಬೇಕಾದ್ರೆ ತೆಗ್ದು ನೋಡು" ಅಂದ. ತೆಗೆದು ತೋರಿಸಿಯೂಬಿಟ್ಟ. ಇರಲಿಲ್ಲ.

ರೋಜಾಲಿಯ ಮೊಣಕಾಲು ಮತ್ತೆ ಊದಿತು. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟತೊಡಗಿತು. ಬುಧವಾರ ಚೌರಮ್ಮ ಮನೆಯಲ್ಲಿ ಮಾತೆಯ ಪಟಕ್ಕೆ ಹಚ್ಚಲು ಅಂಗಡಿಯಿಂದ ಸಣ್ಣ ಬತ್ತಿಯ ಒಂದು ಕಟ್ಟು ತಂದಳು. ಹಚ್ಚಿದ ಎರಡು ನಿಮಿಷಕ್ಕೆ ಕೂದಲು ಸುಟ್ಟ ಹಾಗೆ ವಾಸನೆ. ಬೇರೆಯವರಾಗಿದ್ದರೆ ಕಿಟಕಿ ತೆಗೆದು ಸುಮ್ಮನಾಗುತ್ತಿದ್ದರು. ರೇಷ್ಮೆ ಸುಟ್ಟರೆ ಏನು ವಾಸನೆ ಅಂತ ರೇಷ್ಮೆಯವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬತ್ತಿ ಆರಿಸಿ ಮುರಿದಳು. ಹತ್ತಿಯ ನಡುವೆ ಹಳದಿ ಎಳೆ.

ಅವಳ ಮಗಳ ಉದ್ದವನ್ನು ಗೇಣುಗೇಣು ಕತ್ತರಿಸಿ ಅವಳಿಗೇ ಮಾರಿದ್ದರು.

ಸ್ವಾಮಿಗಳು ಜಗಲಿಯ ಒಲೆಯಿಂದ ಕೊಳ್ಳಿ ತೆಗೆದು ಬತ್ತಿ ಹಚ್ಚಿದರು. ನಸ್ಯ ಹಾಕಿ ಹಾಕಿ ಮಂದವಾದ ಮೂಗಿಗೂ ಆ ವಾಸನೆ ತಟ್ಟಿತು. ಚೌರಮ್ಮ ಎಲ್ಲವನ್ನೂ ಹೇಳಿದಳು. ಅಳಲಿಲ್ಲ.

"ಇದು ನನಗೆ ಗೊತ್ತಿರಲಿಲ್ಲವಲ್ಲವ್ವ" ಅಂದರು ಸ್ವಾಮಿಗಳು.

"ನಿಮಗೆ ಗೊತ್ತಿಲ್ಲ. ಮಾತೆಗೆ ಬಾಯಿಲ್ಲ. ಹಂಗಾರೆ ನಾ ಯಾರ್ನ ಕೇಳ್ಲಿ? ವರ್ಸಾ ವರ್ಸಾ ಲೆಕ್ಕದ ಕಾಗ್ದಕ್ಕೆ ಸೈನ್ ಹಾಕೋರು ಯಾರು?"

"ನಾನೇ."

"ಓದಿ ಹಾಕ್ತೀರೋ?"

ಸ್ವಾಮಿಗಳು ತಲೆ ತಗ್ಗಿಸಿದರು. "ಇಲ್ಲ. ಸಂತಿಯಾಗು ಒಳ್ಳೆಯವನು ಅಂತ ಹಾಕುತ್ತಿದ್ದೆ."

"ಒಳ್ಳೇವ್ರೇ ಇರ್ಬೌದು. ನನ್ ಮಗ್ಳು ಹರಕೆ ಉರೀನಿಲ್ಲ ಸ್ವಾಮಿ. ಮೂರ್ ವರ್ಸ ಉರೀನಿಲ್ಲ. ಅದ್ಕೇ ಮಾತೆ ಮುಖ ತಿರುಗ್ಸವ್ಳೆ."

ದುಡ್ಡಿನ ಲೆಕ್ಕ ಕೇಳಿದವರನ್ನು ಭಕ್ತಿ ಇಲ್ಲದವರು ಅಂತ ಬಾಯಿ ಮುಚ್ಚಿಸುವ ಗುರುಗಳು ಎಲ್ಲ ಧರ್ಮದಲ್ಲೂ ಇದ್ದಾರೆ. ನಮ್ಮ ಸ್ವಾಮಿಗಳು ಮೊರ ಪಕ್ಕಕ್ಕಿಟ್ಟು ಎದ್ದರು, ಚಪ್ಪಲಿ ಮೆಟ್ಟಿದರು, "ಬಾರವ್ವ" ಅಂದು ಅವಳನ್ನೇ ಮುಂದೆ ಬಿಟ್ಟುಕೊಂಡು ಸಂತಿಯಾಗಪ್ಪನ ಷೆಡ್ಡಿಗೆ ನಡೆದರು. ಚೌರಮ್ಮನಿಗೆ ಕಾಲು ಹಿಂದೆ ಜಗ್ಗಿತು. ಅಲ್ಲಿ ಬಾಯಿ ಬಿಟ್ಟರೆ ನಾಳೆಯಿಂದ ಒಲೆಯ ಮುಂದೆ ತನಗೆ ಜಾಗವಿಲ್ಲ. ಆದರೂ ನಡೆದಳು.

ಷೆಡ್ಡಿನಲ್ಲಿ ಚರಕಗಳು ತಿರುಗುತ್ತಿದ್ದವು. ಸ್ವಾಮಿಗಳನ್ನು ಕಂಡು ಸಂತಿಯಾಗಪ್ಪ ಓಡಿ ಬಂದ. ಜೊತೆಗೆ ಚೌರಮ್ಮನನ್ನು ಕಂಡು ಹುಬ್ಬು ಗಂಟಿಕ್ಕಿದ. "ಸ್ತೋತ್ರ ಸ್ವಾಮಿ. ಏನವ್ವ ಚೌರಿ, ನನ್ ಮೇಲೆ ಚಾಡಿ ಹೇಳಕ್ಕೆ ಗುರುಮನೆತಂಕ ಹೋಗಿದ್ದಾ?"

ಸ್ವಾಮಿಗಳು ಬತ್ತಿಯ ತುಂಡನ್ನು ಅವನ ಅಂಗೈಯಲ್ಲಿಟ್ಟರು. ಅವನು ಅದನ್ನು ತಿರುಗಿಸಿ ನೋಡಿದ. ಸುಳ್ಳು ಹೇಳಲಿಲ್ಲ, ಅದನ್ನು ಅವನ ಪರವಾಗಿ ಹೇಳಲೇಬೇಕು.

"ನಾನೇ ಕತ್ತರಿಸಿ ಮಾರ್ಸಿದ್ದು ಸ್ವಾಮಿ. ಹಬ್ಬ ಬಂದ್ರೆ ಇನ್ನೂರ್ ಸುರುಳಿ ಬರ್ತವೆ. ಒಂದೊಂದ್ರ ಮುಂದೂ ಕೂತು ಬಿಚ್ಚೋರ್ ಯಾರು? ಹಂಗೇ ಬಿಟ್ರೆ ಸೂರಿಗೆ ಬೆಂಕಿ."

"ದುಡ್ಡು ಔಷಧಿ ಪೆಟ್ಟಿಗೆಗೆ ಹೋಗಲಿಲ್ಲವಲ್ಲ."

ಸಂತಿಯಾಗಪ್ಪ ಸ್ವಾಮಿಗಳ ಮುಖ ನೋಡಿದ, ನೆಲ ನೋಡಿದ. ಅವನ ದಪ್ಪ ಮೀಸೆಯ ಕೆಳಗೆ ನಗುವೋ ಅಳುವೋ ಗೊತ್ತಾಗದಂಥದ್ದೇನೋ ಬಂತು. "ಮುಂದಿನ್ ತಿಂಗ್ಳು ಹೇಳಣ ಅಂತಿದ್ದೆ. ಎಲ್ಲಾ ಹಾಳಾಯ್ತು" ಅಂದು ಷೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋಗಿ ಗೋಣಿಚೀಲಗಳನ್ನು ಸರಿಸಿದ.

ಕೆಳಗೆ ಆಳುದ್ದದ ಕಲ್ಲಿನ ಹಲಗೆ. ನುಣ್ಣಗೆ ಉಜ್ಜಿ ಅಕ್ಷರ ಕೊರೆದಿತ್ತು: ಪೂಜ್ಯ ಇನ್ನಾಸಪ್ಪ ಸ್ವಾಮಿಗಳ ಗುರುದೀಕ್ಷೆಯ ಸುವರ್ಣ ಮಹೋತ್ಸವದ ನೆನಪಿಗೆ.

"ನಿಮ್ಗೆ ದೀಕ್ಷೆ ಆಗಿ ಐವತ್ತು ವರ್ಸ ತುಂಬ್ತದಲ್ಲ ಸ್ವಾಮಿ" ಅಂದ ಸಂತಿಯಾಗಪ್ಪ. "ರಸ್ತೆಗೆ ಒಂದು ದೊಡ್ಡ ಕಮಾನು ಕಟ್ಸಿ, ಮೇಲೆ ಇದ್ನ ಇಡೋದು ಅಂತ. ಮೊದ್ಲೇ ಹೇಳಿದ್ರೆ ನೀವು ಬ್ಯಾಡ ಅಂತಿದ್ರಿ. ಅದ್ಕೇ ಗುಟ್ಟಾಗಿಟ್ಟೆ. ನನ್ ಮನೆಗೆ ಒಂದ್ ಪೈಸಾನೂ ತಗೊಂಡಿಲ್ಲ, ಮಾತೆ ಆಣೆ."

ಚೌರಮ್ಮ ಕಳ್ಳನನ್ನು ಹಿಡಿಯಲು ಬಂದಿದ್ದಳು. ಎದುರಿಗಿದ್ದವನು ಕಳ್ಳನಲ್ಲ. ಆದರೆ ಮಗಳ ಕಾಲು ಊದಿರುವುದಂತೂ ಸುಳ್ಳಲ್ಲ. ಅವಳಿಗೆ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಸ್ವಾಮಿಗಳು ಬಗ್ಗಿ ಕಲ್ಲಿನ ಮೇಲೆ ಬೆರಳಾಡಿಸಿದರು. ತಮ್ಮ ಹೆಸರಿನ ಒಂದೊಂದೇ ಅಕ್ಷರವನ್ನು ಕುರುಡರ ಹಾಗೆ ಮುಟ್ಟಿದರು. ಆಮೇಲೆ ಕೇಳಿದರು:

"ಸಂತಿಯಾಗು, ಇದನ್ನು ಕೊಟ್ಟವಳು ರೋಜಾಲಿ. ಅವಳ ಹೆಸರು ಎಲ್ಲಪ್ಪ?"

ಸಂತಿಯಾಗಪ್ಪ ಒಂದು ಗೋಣಿಚೀಲವನ್ನು ಮತ್ತೆ ಕಲ್ಲಿನ ಮೇಲೆ ಎಳೆದ.

"ಭಾನುವಾರ ಇದನ್ನು ದೇವಾಲಯದ ಅಂಗಳಕ್ಕೆ ತಾ. ನಿನ್ನ ಲೆಕ್ಕದ ಪುಸ್ತಕವನ್ನೂ ತಾ. ಅಂಗಡಿಯಲ್ಲಿ ಉಳಿದಿರುವ ಬತ್ತಿಗಳನ್ನೂ ತಾ. ಚೌರಮ್ಮ, ನೀನು ದಾರ ತಾರವ್ವ. ಎರಡೆಳೆ."

ಯಾರಿಗೆ ಅಂತ ಅವಳು ಕೇಳಲಿಲ್ಲ, ಮಗಳಿಗೇ ಅಂದುಕೊಂಡಳು.

ಭಾನುವಾರ ಪೂಜೆ ಮುಗಿಯಿತು. ಸ್ವಾಮಿಗಳು ಜನರನ್ನೆಲ್ಲ ಅಂಗಳಕ್ಕೆ ಕರೆದರು. ಕಲ್ಲಿನ ಹಲಗೆ ಅಲ್ಲಿತ್ತು, ಅಕ್ಷರ ಮೇಲೆ. ಓದಿದವರು ಬೇರೆಯವರಿಗೆ ಓದಿ ಹೇಳುತ್ತಿದ್ದರು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಸ್ವಾಮಿಗಳು ಕೈಯೆತ್ತಿದರು. ನಡೆದದ್ದನ್ನು ಇದ್ದದ್ದು ಇದ್ದಂತೆ ಹೇಳಿದರು: ಬತ್ತಿ ಕತ್ತರಿಸಿದ್ದು, ಮಾರಿದ್ದು, ಔಷಧಿ ಪೆಟ್ಟಿಗೆ ಬರಿದಾದದ್ದು, ಮಗುವಿಗೆ ಎರಡು ಸೂಜಿ ತಪ್ಪಿದ್ದು. ಸಂತಿಯಾಗಪ್ಪನ ಮೇಲೆ ಒಂದು ಮಾತನ್ನೂ ಹೊರಿಸಲಿಲ್ಲ. ಚಪ್ಪಾಳೆ ತಟ್ಟಿದವರು ಕೈ ಎಲ್ಲಿ ಬಚ್ಚಿಡುವುದು ಅಂತ ನೋಡುತ್ತಿದ್ದರು.

"ಇಷ್ಟು ವರ್ಷ ಓದದೆ ಸಹಿ ಹಾಕಿದೆ" ಅಂದರು ಸ್ವಾಮಿಗಳು. "ಕಾಯಿಲೆ ನನ್ನದು. ಚೌರಮ್ಮ, ನನ್ನನ್ನು ಅಳೆ."

ಹೀಗೆಂದು ಆ ಎಪ್ಪತ್ತಾರು ವರ್ಷದ ಗುರುಗಳು ಅಂಗಳದ ಮಣ್ಣಿನ ಮೇಲೆ ಅಂಗಾತ ಮಲಗಿಬಿಟ್ಟರು.

ಹೆಂಗಸರು ಕೂಗಿಕೊಂಡರು. ಬದುಕಿರುವ ಗುರುಗಳನ್ನು, ಅದೂ ಎದ್ದು ಓಡಾಡುವವರನ್ನು ಅಳೆಯುವುದೇ! ಸಂತಿಯಾಗಪ್ಪ ಮುಂದೆ ಬಂದು ಸ್ವಾಮಿಗಳ ಕಾಲ ಬಳಿ ಕುಸಿದ. "ಬ್ಯಾಡ ಸ್ವಾಮಿ, ನನ್ನ ಅಳೀಲಿ, ನಂದು ತಪ್ಪು. ಚೌರವ್ವ, ಬ್ಯಾಡ ಕಣವ್ವ, ಅಪಶಕುನ."

ಚೌರಮ್ಮ ದಾರ ಹಿಡಿದು ಸ್ವಾಮಿಗಳ ತಲೆಯ ಬಳಿ ಬಂದಳು. ಮೂರು ದಿನದಿಂದ ಈ ಮನುಷ್ಯ ಎಲ್ಲರ ಮುಂದೆ ತಲೆ ತಗ್ಗಿಸಬೇಕು ಅಂತ ಅವಳು ಬಯಸಿದ್ದು ನಿಜ. ಈಗ ಆ ತಲೆಯೇ ಅವಳ ಕಾಲ ಬುಡದಲ್ಲಿ ಮಣ್ಣಿನಲ್ಲಿತ್ತು. ಬಿಳಿ ಕೂದಲಿಗೆ ಒಂದು ಒಣ ಎಲೆ ಅಂಟಿತ್ತು. ಸ್ವಾಮಿಗಳು ಆಕಾಶ ನೋಡುತ್ತ, "ಬಿಸಿಲು ಏರುತ್ತದವ್ವ, ಬೇಗ" ಅಂದರು.

ಅವಳು ಮಂಡಿಯೂರಿ ಮೊದಲು ಆ ಎಲೆಯನ್ನು ತೆಗೆದಳು. ಆಮೇಲೆ ನೆತ್ತಿಗೆ ದಾರದ ತುದಿ ಒತ್ತಿ ಹಿಡಿದು, ಮೂಗಿನ ಮೇಲಿಂದ, ತೇಪೆಯ ನಿಲುವಂಗಿಯ ಮೇಲಿಂದ, ಒಡೆದ ಹಿಮ್ಮಡಿಯವರೆಗೆ ಅಳೆದಳು. ಎರಡೆಳೆ.

ಮೂರು ಇಟ್ಟಿಗೆಯ ಒಲೆ ಹೂಡಿದರು. ಅಂಗಡಿಯಲ್ಲಿ ಉಳಿದ ಬತ್ತಿಗಳನ್ನೆಲ್ಲ ಪಾತ್ರೆಗೆ ಹಾಕಿ ಕರಗಿಸಿದರು. ಅದರಲ್ಲಿ ರೋಜಾಲಿಯ ತುಂಡುಗಳೂ ಇದ್ದವು. ಮೇಲೆ ತೇಲಿದ ದಾರಗಳಲ್ಲಿ ಹಳದಿ ಎಳೆಗಳನ್ನು ಚೌರಮ್ಮ ಕಡ್ಡಿಯಿಂದ ಎತ್ತಿ, ಆರಿಸಿ, ಸ್ವಾಮಿಗಳ ದಾರದ ಸುತ್ತ ಸುತ್ತಿದಳು. ಒಂಬತ್ತು ಗಂಟೆಯ ಹೊತ್ತಿಗೆ ಸುರುಳಿ ಸಿದ್ಧವಾಯಿತು. ಸ್ವಾಮಿಗಳು ತಮ್ಮ ಹೆಸರು ಕೊರೆದ ಕಲ್ಲನ್ನು ನಾಲ್ಕು ಜನರಿಂದ ಮಗುಚಿ ಹಾಕಿಸಿ, ಅದರ ಬೆನ್ನಿನ ಮೇಲೆ ಕೂತು, ತಟ್ಟೆಯನ್ನು ಮುಂದಿಟ್ಟುಕೊಂಡು ಬತ್ತಿ ಹಚ್ಚಿದರು.

"ಇದು ಹಿಮ್ಮಡಿ ಮುಟ್ಟುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ. ಯಾರು ಏನು ಬೇಕಾದರೂ ಕೇಳಿ."

ಮೊದಲು ಯಾರೂ ಬಾಯಿ ಬಿಡಲಿಲ್ಲ. ಗುರುಗಳನ್ನು ಪ್ರಶ್ನೆ ಕೇಳಿ ಆ ಜನಕ್ಕೆ ಅಭ್ಯಾಸವಿರಲಿಲ್ಲ. ಯಾರೂ ಅಭ್ಯಾಸ ಮಾಡಿಸಿರಲಿಲ್ಲ. ಸಂತಿಯಾಗಪ್ಪ ಪುಸ್ತಕ ತೆರೆದು ಮೂರು ವರ್ಷದ ಮೇಣದ ಲೆಕ್ಕವನ್ನು ದಡಬಡಿಸಿ ಓದಿದ. ಕಮಾನಿಗೆ ಕೂಡಿಟ್ಟದ್ದು, ಕಲ್ಲಿಗೆ ಕೊಟ್ಟದ್ದು, ಕೈಯಲ್ಲಿ ಉಳಿದದ್ದು. ಆಮೇಲೆ ಹಿಂದಿನಿಂದ ಒಬ್ಬ ಮುದುಕಿ ಕೇಳಿದಳು: "ಹೋದ್ ಹಬ್ಬದಲ್ಲಿ ನಾನೊಂದು ಹುಂಜ ಕೊಟ್ಟಿದ್ದೆ. ಅದೇನಾಯ್ತು?"

ಸಂತಿಯಾಗಪ್ಪ ಪುಟ ತಿರುವಿದ. ಪುಸ್ತಕದಲ್ಲಿ ಹುಂಜವಿರಲಿಲ್ಲ.

"ಅದನ್ನು ನಾನು ತಿಂದೆನವ್ವ" ಅಂದರು ಸ್ವಾಮಿಗಳು.

"ನಿಮ್ಗೆ ಸಾರ್ ಮಾಡಕ್ ಬರಲ್ವಲ್ಲ ಸ್ವಾಮಿ!"

"ಅದಕ್ಕೇ ಎರಡು ದಿನ ತಿಂದೆ."

ಅಂಗಳವೆಲ್ಲ ನಕ್ಕಿತು. ಅಲ್ಲಿಂದ ಬಾಯಿ ಬಿಚ್ಚಿಕೊಂಡವು. ಗಂಟೆಯ ಹಗ್ಗಕ್ಕೆ ಎಷ್ಟು ಕೊಟ್ಟಿರಿ, ಬಿಷಪ್ಪರು ಬಂದಾಗ ಊಟಕ್ಕೆ ಎಷ್ಟಾಯಿತು, ಮದುವೆ ಪೂಜೆಗೆ ಕೊಡುವ ಕಾಣಿಕೆ ಯಾರಿಗೆ. ಗೊತ್ತಿದ್ದದ್ದಕ್ಕೆ ಸ್ವಾಮಿಗಳು ಉತ್ತರ ಕೊಟ್ಟರು. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ಬರೆದುಕೋ ಸಂತಿಯಾಗು, ತಿಳಿದು ಹೇಳೋಣ" ಅಂದರು. ಒಬ್ಬ ಪೋಕರಿ ಯುವಕ "ಜೇಬಲ್ಲಿ ಏನಿದೆ ಸ್ವಾಮಿ?" ಅಂದ. ಹಿರಿಯರು ಗದರಿಸುವ ಮೊದಲೇ ಸ್ವಾಮಿಗಳು ಜೇಬನ್ನು ಹೊರಗೆ ಮಗುಚಿದರು. ಒಂದು ಜಪಮಾಲೆ, ನಸ್ಯದ ಡಬ್ಬಿ. "ಈ ನಸ್ಯ ನಿಮ್ಮ ದುಡ್ಡಿನದೇ ಕಣಪ್ಪ. ವಾರಕ್ಕೊಂದು ಡಬ್ಬಿ. ಹೆಚ್ಚಾಯಿತು ಅಂದರೆ ಹೇಳು." ಹುಡುಗ ನಾಚಿ ಕಂಬದ ಹಿಂದೆ ನಿಂತ.

ಬಿಸಿಲು ತಿರುಗಿತು. ಮಧ್ಯಾಹ್ನ ಯಾರೋ ಗಂಜಿ ತಂದರು. ಸ್ವಾಮಿಗಳು ಎಡಗೈಯಲ್ಲಿ ಸುರುಳಿ ಬಿಚ್ಚುತ್ತಲೇ ಬಲಗೈಯಲ್ಲಿ ಕುಡಿದರು. ಮೇಣ ಸುರಿದು ಬೆರಳುಗಳು ಕೆಂಪಾದವು. ಚೌರಮ್ಮ ಇಡೀ ದಿನ ಎದುರಿಗೇ ಕೂತಿದ್ದಳು, ಮಗಳ ತಲೆ ಅವಳ ತೊಡೆಯ ಮೇಲೆ. ಒಂದು ಮಾತನ್ನೂ ಕೇಳಿರಲಿಲ್ಲ. ನಾಲ್ಕು ಗಂಟೆಗೆ ಬತ್ತಿ ಗೇಣುದ್ದ ಉಳಿದಾಗ ಅದರಿಂದ ಸುಟ್ಟ ರೇಷ್ಮೆಯ ವಾಸನೆ ಮತ್ತೆ ಎದ್ದಿತು. ಆಗ ಅವಳ ಬಾಯಿಂದ ಪ್ರಶ್ನೆ ಬಂತು, ದುಡ್ಡಿನದಲ್ಲ.

"ಸ್ವಾಮಿ, ಈಗ್ಲಾದ್ರೂ ನನ್ ಮಗ್ಳು ಹರಕೆ ಸಂದಂಗಾಯ್ತಾ?"

ಸ್ವಾಮಿಗಳು ಉರಿಯ ಮೇಲಿಂದ ಕಣ್ಣೆತ್ತಿ ಅವಳನ್ನು ನೋಡಿದರು.

"ನೀನು ಕೊಟ್ಟ ದಿನವೇ ಅದು ಮಾತೆಗೆ ಸಂದಿತವ್ವ. ಮಾತೆ ಮುಖ ತಿರುಗಿಸಿರಲಿಲ್ಲ, ನಾವು ತಿರುಗಿಸಿದ್ದೆವು. ಸಲ್ಲದೆ ಉಳಿದದ್ದು ನಾವು ಮಗುವಿಗೆ ಕೊಡಬೇಕಾಗಿದ್ದ ಸೂಜಿ."

ಬುಧವಾರದಿಂದ ಕೂತಿದ್ದ ಭಯ ಅವಳ ಎದೆಯಿಂದ ಒಮ್ಮೆಗೇ ಇಳಿಯಿತು. ಅವತ್ತಿನವರೆಗೆ ಅಳದವಳು ಅತ್ತಳು. ಬತ್ತಿ ಹಿಮ್ಮಡಿ ಮುಟ್ಟಿ ಆರಿದಾಗ ಸ್ವಾಮಿಗಳಿಗೆ ಏಳಲಾಗಲಿಲ್ಲ. ಕಾಲು ಜೋಮು ಹಿಡಿದಿತ್ತು. ಒಂದು ರಟ್ಟೆಯನ್ನು ಸಂತಿಯಾಗಪ್ಪ ಹಿಡಿದ, ಇನ್ನೊಂದನ್ನು ಚೌರಮ್ಮ ಹಿಡಿದಳು. ಎಬ್ಬಿಸಿ ನಿಲ್ಲಿಸಿದ ಮೇಲೆ, ಗುರುವಾರ ನುಂಗಿಕೊಂಡಿದ್ದ ಮಾತನ್ನು ಅವಳು ಕೈಮುಗಿದು ಹೇಳಿದಳು: "ಸ್ತೋತ್ರ ಸ್ವಾಮಿ."

ಉಳಿದ ದುಡ್ಡು ಆ ಸಂಜೆಯೇ ಎಲ್ಲರ ಕಣ್ಣೆದುರು ಔಷಧಿ ಪೆಟ್ಟಿಗೆಗೆ ಬಿತ್ತು. ಸೋಮವಾರ ಬೆಳಿಗ್ಗೆ ರೋಜಾಲಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ತುಳಿದವನು ಸಂತಿಯಾಗಪ್ಪ. ಅವನ ಷೆಡ್ಡಿನಲ್ಲಿ ಚೌರಮ್ಮನ ಒಲೆ ಅವಳಿಗೇ ಉಳಿಯಿತು. ಮುಂದೆ ಸೂಜಿ ಒಂದೂ ತಪ್ಪಲಿಲ್ಲ. ಹುಡುಗಿ ಬೆಳೆದಳು, ದೇವಾಲಯದ ಮೆಟ್ಟಿಲು ಓಡಿ ಹತ್ತಿದಳು. ಇದನ್ನು ಪವಾಡ ಅನ್ನುವವರು ಅನ್ನಲಿ. ಬಡವರು ಕೊಟ್ಟದ್ದು ಬಡವರಿಗೆ ಮುಟ್ಟಿತು. ಅಷ್ಟನ್ನೂ ಪವಾಡ ಅನ್ನಬೇಕಾದ ಕಾಲ ಬಂದಿದ್ದರೆ ಅದು ಮಾತೆಯ ತಪ್ಪಲ್ಲ.

ಕಮಾನು ಏಳಲಿಲ್ಲ. ಹೆಸರು ಕೆಳಗೆ ಮಾಡಿ ಆ ಕಲ್ಲನ್ನು ದೇವಾಲಯದ ಹೊಸ್ತಿಲಿಗೆ ಹಾಕಿದರು. ಪ್ರತಿ ವರ್ಷ ಹಬ್ಬದ ಮಾರನೆಯ ದಿನ ಸ್ವಾಮಿಗಳು ಅಂಗಳದಲ್ಲಿ ಮಲಗುವುದು, ಚೌರಮ್ಮ ಅಳೆಯುವುದು, ಬತ್ತಿ ಉರಿಯುವವರೆಗೆ ಜನ ಲೆಕ್ಕ ಕೇಳುವುದು ನಡೆದುಕೊಂಡು ಬಂತು. ದಾರದ ಇನ್ನೊಂದು ತುದಿ ಹಿಡಿಯುವುದು ರೋಜಾಲಿಯ ಕೆಲಸವಾಯಿತು. ಎರಡನೇ ಎಳೆಯನ್ನು ಚೌರಮ್ಮ ತನ್ನ ಮನೆಯ ತೊಲೆಗೆ ಕಟ್ಟುತ್ತಿದ್ದಳು, ಮಗಳ ಹಳೆಯ ದಾರಗಳ ಪಕ್ಕದಲ್ಲಿ. ಮಗಳವು ವರ್ಷದಿಂದ ವರ್ಷಕ್ಕೆ ಉದ್ದವಾಗಿದ್ದವು. ಸ್ವಾಮಿಗಳವು ಚೂರುಚೂರೇ ಗಿಡ್ಡವಾಗುತ್ತ ಬಂದವು.

ಒಂಬತ್ತನೇ ವರ್ಷ, ಹಬ್ಬ ಕಳೆದು ಹದಿನೈದು ದಿನಕ್ಕೆ, ಬೆಳಗಿನ ಪೂಜೆ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗಲೇ ಸ್ವಾಮಿಗಳು ದೈವಾಧೀನರಾದರು. ಮಡಿಲಲ್ಲಿ ಮೊರವಿತ್ತು. ಶವದ ಪೆಟ್ಟಿಗೆ ಮಾಡುವ ಆಚಾರಿ ಟೇಪು ಹಿಡಿದು ಗುರುಮನೆಗೆ ಬಂದ. ಚೌರಮ್ಮ ಬಾಗಿಲಲ್ಲಿ ಅವನನ್ನು ತಡೆದು, ಸೆರಗಿನ ಗಂಟು ಬಿಚ್ಚಿ, ತೊಲೆಯಿಂದ ತಂದಿದ್ದ ಆ ವರ್ಷದ ದಾರವನ್ನು ತೆಗೆದಳು.

"ಟೇಪು ಬ್ಯಾಡ ಆಚಾರಿ" ಅಂದಳು. "ಅವ್ರ ಅಳತೆ ನಮ್ಮತ್ರ ಐತೆ."